‘ಎಡೆ’ ಎಂಬ ಮಾತು

ದಿನಬಳಕೆಯ ಮಾತುಗಳ ಮೇಲೆ ವಿಮರ್ಶಕರ ದೃಷ್ಟಿ ಬೀಳುವುದು ಅಪರೂಪ. ಹಳೆಯ ಕಾವ್ಯದಲ್ಲಿ ಒಮ್ಮೆ ಮಾತ್ರ ತಲೆದೋರಿ ಮರೆಯಾದ ಶಬ್ದಕ್ಕೆ ನಾಲ್ಕು ಪುಟಗಳ ಟಿಪ್ಪಣಿ ದೊರೆಯುವುದುಂಟು. ಅಡುಗೆಯ ಮನೆಯಿಂದ ಹೊಲದವರೆಗೆ ನಿತ್ಯವೂ ಓಡಾಡುವ ಶಬ್ದಕ್ಕೆ ನಿಘಂಟಿನ ನಾಲ್ಕು ಸಾಲುಗಳೇ ಗತಿ. ‘ಎಡೆ’ ಎಂಬುದು ಹೀಗೆ ಉಪೇಕ್ಷೆಗೆ ಪಾತ್ರವಾದ ಒಂದು ಮಾತು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಯಲ್ಲಿ ಇದನ್ನು ‘ಎಡಿ’ ಎಂದು ನುಡಿಯುವರು. ಮನೆ ‘ಮನಿ’ಯಾಗುವಂತೆ, ಕುಂಟೆ ‘ಕುಂಟಿ’ಯಾಗುವಂತೆ, ಬಡಗಣ ಕರ್ಣಾಟಕದ ನಾಲಗೆಯಲ್ಲಿ ಕೊನೆಯ ಎಕಾರವು ಇಕಾರವಾಗುವುದು ಸಹಜವೇ ಆಗಿದೆ. ಬರವಣಿಗೆಯಲ್ಲಿ ‘ಎಡೆ’, ಬಾಯಲ್ಲಿ ‘ಎಡಿ’, ಮಾತು ಒಂದೇ.

ಈ ಸೀಮೆಯ ಒಕ್ಕಲಿಗನು ಈ ಮಾತನ್ನು ಎರಡು ಸಂದರ್ಭಗಳಲ್ಲಿ ಹೆಚ್ಚಾಗಿ ಆಡುವನು. ಎರೆಯ ಹೊಲದಲ್ಲಿ ಜೋಳವೋ ಹತ್ತಿಯೋ ಗೇಣುದ್ದ ಎದ್ದು ನಿಂತಾಗ ಅವನು ‘ಎಡಿ ಹೊಡಿಯಬೇಕು’ ಎನ್ನುವನು. ಕೂರಿಗೆಯಿಂದ ಬಿತ್ತಿದ ಸಾಲುಗಳ ನಡುವಣ ತೆರವಿನಲ್ಲಿ ಎಡೆಕುಂಟೆಯನ್ನು ಹಾಯಿಸಿ ಕಳೆ ಕತ್ತರಿಸುವ ಕೆಲಸವಿದು. ಎತ್ತುಗಳು ಬೆಳೆಗೆ ಬಾಯಿ ಹಾಕದಂತೆ ಕುಕ್ಕೆ ಕಟ್ಟಿರುವರು. ಕುಂಟೆಯ ಕುಡವು ನೆಲವನ್ನು ತೆಳ್ಳಗೆ ಸೀಳುತ್ತ ಸಾಗುವುದು. ಕಳೆ ಸಾಯುವುದು ಇದರ ಒಂದು ಫಲ ಮಾತ್ರ. ಎರೆಯ ನೆಲವು ಒಣಗುತ್ತ ಬಂದಂತೆ ಬಿರಿಯುವುದು. ಆ ಬಿರುಕುಗಳ ದಾರಿಯಿಂದ ಒಳಗಿನ ತೇವವೆಲ್ಲ ಆರಿಹೋಗುವುದು. ಎಡೆ ಹೊಡೆದಾಗ ಮೇಲ್ಮಣ್ಣು ಸಡಿಲಗೊಂಡು ಬಿರುಕುಗಳನ್ನು ಮುಚ್ಚುವುದರಿಂದ ನೆಲದ ಹಸಿ ಉಳಿಯುವುದು. ಮಳೆ ಕಡಮೆಯಾದ ಸೀಮೆಯಲ್ಲಿ ಹಿಂಗಾರಿಯ ಬೆಳೆ ಕೈಗೆ ಬರುವುದೂ ಬಾರದಿರುವುದೂ ಈ ಹಸಿಯನ್ನು ಅವಲಂಬಿಸಿದೆ. (‘ಮಳೆ ಎಡೆಬಿಡದೆ ಸುರಿಯಿತು’ ಎಂಬ ವಾಕ್ಯವು ಈ ಸೀಮೆಯ ಮಕ್ಕಳಿಗೆ ಬಹುಮಟ್ಟಿಗೆ ಪುಸ್ತಕದೊಳಗಿನ ವಾಕ್ಯವೇ ಸರಿ.) ಇಲ್ಲಿ ಲಕ್ಷಿಸಬೇಕಾದ ವಿಷಯವೊಂದುಂಟು. ಬಿತ್ತಿದುದು ಸಾಲು, ಬಿತ್ತದೆ ಬಿಟ್ಟುದು ಎಡೆ. ಆದರೂ ಬಿತ್ತಿಗೆ ಮುಗಿದ ಮೇಲೆ ಒಕ್ಕಲಿಗನು ಬೆವರು ಸುರಿಸುವುದು ಎಡೆಯ ಮೇಲೆ. ಸಾಲನ್ನು ಅವನು ಮುಟ್ಟುವುದಿಲ್ಲ.

ಎರಡನೆಯ ಸಂದರ್ಭವು ಮನೆಯೊಳಗಿನದು. ಹಬ್ಬದ ದಿನ ಹೋಳಿಗೆ ಕಡಬುಗಳು ಸಿದ್ಧವಾದಾಗ, ಯಾರೂ ಉಣ್ಣುವುದಕ್ಕೆ ಮುಂಚೆ, ದೇವರ ಜಗಲಿಯ ಮುಂದೆ ‘ಎಡಿ ಹಿಡಿಯುವರು’. ಗುಡಿಗೆ ಹೋಗುವಾಗ ‘ಎಡಿ ಒಯ್ಯುವರು’. ಪಿತೃಪಕ್ಷದಲ್ಲಿ ತೀರಿಹೋದ ಹಿರಿಯರ ಹೆಸರಿನಲ್ಲಿ ಹೊಸ ಬಟ್ಟೆಯನ್ನಿರಿಸಿ, ಅವರಿಗೆ ಮೆಚ್ಚಿಕೆಯಾಗಿದ್ದ ಅಡುಗೆಯನ್ನೆಲ್ಲ ಬಡಿಸಿ ‘ಎಡಿ ಇಡುವರು’. ಮದುವೆಯ ಊಟದಲ್ಲಿ ಎಲೆಗಳನ್ನು ಹಾಸಿ ಬಡಿಸಿದುದೂ ಎಡೆಯೇ. ಹೊಲದಲ್ಲಿ ಬರಿಯ ತೆರವಾದ ಎಡೆಯು ಮನೆಯಲ್ಲಿ ತುಂಬಿದ ಎಲೆಯಾಗಿರುವುದು.

ನಿಘಂಟುಗಳು ಈ ಅರ್ಥಗಳನ್ನು ಅಂಕೆ ಹಾಕಿ ಒಂದರ ಕೆಳಗೊಂದರಂತೆ ಕೊಡುವುವು: ಸ್ಥಳ, ನಡುವಣ ತೆರವು, ಅಂತರ, ಅವಕಾಶ, ಸಮಯ, ನೈವೇದ್ಯ, ಬಡಿಸಿದ ಊಟ. 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಕಿಟ್ಟೆಲರ ಮಹಾಗ್ರಂಥವಾಗಲಿ, ಅನಂತರ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟಾಗಲಿ ಕನ್ನಡಿಗರಿಗೆ ಮಾಡಿದ ಉಪಕಾರವು ಅಳತೆಗೆ ಮೀರಿದುದು. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅಂಕೆ ಹಾಕುವ ಪದ್ಧತಿಯಲ್ಲಿಯೇ ಒಂದು ದೋಷವಿದೆ. ಅದು ಓದುವವನಿಗೆ, ಒಂದೇ ಹೆಸರನ್ನು ಹೊತ್ತ ಏಳು ಮಂದಿ ಅಪರಿಚಿತರು ಸಾಲಾಗಿ ನಿಂತಿರುವಂತೆ ಭಾಸ ಮಾಡಿಸುವುದು. ಅವರೆಲ್ಲ ಒಂದೇ ಮನೆಯವರೆಂಬುದನ್ನು ಹೇಳಬೇಕಾದವರಾರು?

ಒಂದೇ ಮನೆಯವರೆಂಬುದನ್ನು ಈ ಮಾತಿನೊಡನೆ ಕೂಡುವ ಕ್ರಿಯಾಪದಗಳೇ ತಿಳಿಸುವುವು. ಎಡೆಗೊಡು, ಎಡೆಗೊಳ್, ಎಡೆಮಾಡು, ಎಡೆಬಿಡು: ಕೊಡುವುದು, ಕೊಳ್ಳುವುದು, ಮಾಡುವುದು, ಬಿಡುವುದು. ಇವೆಲ್ಲ ಇಬ್ಬರ ನಡುವೆ ನಡೆಯುವ ವ್ಯವಹಾರಗಳು. ‘ಸ್ಥಳ’ವೆಂಬುದು ಯಾರೂ ಇಲ್ಲದಿದ್ದರೂ ತನ್ನಷ್ಟಕ್ಕೆ ತಾನಿರುವುದು, ಬೆಟ್ಟದ ತುದಿಯೂ ಸ್ಥಳವೇ, ಹಾಳುಬಾವಿಯ ತಳವೂ ಸ್ಥಳವೇ. ಎಡೆಯಾದರೋ ಯಾರಿಗಾಗಿಯೋ ಯಾವುದಕ್ಕಾಗಿಯೋ ತೆರವು ಮಾಡಿಟ್ಟ ನೆಲ. ಹಳಗನ್ನಡದ ಕವಿಗಳು ಅದನ್ನು ಬರಿಯ ‘ತಾಣ’ವೆಂಬ ಅರ್ಥದಲ್ಲಿ ಬಳಸಿರುವುದುಂಟೆಂದು ಆಕ್ಷೇಪಿಸಬಹುದು. ಅಹುದು, ಉಂಟು. ಆದರೆ ಒಂದು ಮಾತು ಸವೆದ ಮೇಲೆ ಎಲ್ಲಿಯವರೆಗೆ ಹರಡಿತೆಂಬುದು ಬೇರೆ, ಅದರ ಹುರುಳು ಎಲ್ಲಿದೆಯೆಂಬುದು ಬೇರೆ. ಹುರುಳನ್ನು ತಿಳಿಯಬೇಕಾದರೆ ಆ ಮಾತಿಲ್ಲದೆ ಕೆಲಸ ಸಾಗದ ಕಡೆಗೆ ಹೋಗಿ ನೋಡಬೇಕು. ‘ಎಡೆ’ಯಿಲ್ಲದೆ ಸಾಗದ ಜಾಗಗಳೆರಡು, ಹೊಲ ಮತ್ತು ಊಟದ ಸಾಲು.

ತೆರವು ಹೇಗೆ ಊಟವಾಯಿತೆಂಬುದನ್ನು ಈಗ ಊಹಿಸುವುದು ಕಷ್ಟವಲ್ಲ. ಪಂಕ್ತಿಯಲ್ಲಿ ಒಬ್ಬೊಬ್ಬನಿಗೂ ಕುಳಿತು ಉಣ್ಣುವಷ್ಟು ಎಡೆಯನ್ನು ಬಿಟ್ಟು ಎಲೆ ಹಾಸುವರು. ದೇವರಿಗೂ ತೀರಿಹೋದವರಿಗೂ ಅಂತಹುದೇ ಒಂದು ಎಡೆಯನ್ನು ಬಿಡುವರು. ಬಂದು ಕುಳಿತುಕೊಳ್ಳುವವನು ಕಣ್ಣಿಗೆ ಕಾಣನು. ಕಾಣುವುದು ಬಿಟ್ಟ ಜಾಗವೂ ಅದರಲ್ಲಿ ಬಡಿಸಿದ ಅನ್ನವೂ ಮಾತ್ರ. ಆದುದರಿಂದ ಜಾಗದ ಹೆಸರೇ ಅನ್ನಕ್ಕೆ ಸಂದಿತು. ಊರಿನವರು ಎದ್ದರೆಂಬುದಕ್ಕೆ ‘ಊರು ಎದ್ದಿತು’ ಎನ್ನುವಂತಹ ಲಕ್ಷಣಾವೃತ್ತಿಯಿದು ಎಂದು ಅಲಂಕಾರಿಕರು ಸುಲಭವಾಗಿ ಹೇಳಿಬಿಡುವರು. ಆದರೆ ಲಕ್ಷಣೆಗೂ ಒಂದು ಕಾರಣ ಬೇಕಷ್ಟೆ. ಸತ್ತವನಿಗೆ ಮನೆಯಲ್ಲಿ ಇನ್ನೂ ಜಾಗವುಂಟು ಎಂಬ ಭಾವನೆಯಿಲ್ಲದಿದ್ದರೆ ಅನ್ನಕ್ಕೆ ಜಾಗದ ಹೆಸರು ಬರುತ್ತಿರಲಿಲ್ಲ. ‘ನೈವೇದ್ಯ’ವೆಂಬ ಸಂಸ್ಕೃತ ಶಬ್ದವು ನಿವೇದಿಸುವುದನ್ನು, ಎಂದರೆ ಅರಿಕೆ ಮಾಡಿ ಒಪ್ಪಿಸುವುದನ್ನು ಹೇಳುವುದು, ಅದು ಕೆಳಗಿನವನು ಮೇಲಿನವನಿಗೆ ಸಲ್ಲಿಸುವ ಮಾತು. ‘ಎಡೆ’ಯು ಸರಿದು ಕುಳಿತು ಪಕ್ಕದಲ್ಲಿ ಜಾಗ ಕೊಡುವ ಮಾತು. ಎರಡನ್ನೂ ಒಂದೇ ಎಂದು ಬರೆಯುವವರು ಈ ಭೇದವನ್ನು ಗಮನಿಸಿಲ್ಲ.

ಅನ್ನಕ್ಕೆ ಸಂಬಂಧಿಸಿದ ಮಾತುಗಳು ಹೀಗೆ ಕೈಕಾಲು ಚಾಚುವುದು ಲೋಕದಲ್ಲೆಲ್ಲ ಕಂಡುಬರುವುದು. ವಿಯೆಟ್ನಾಮಿನವರ ಭಾಷೆಯಲ್ಲಿ ‘ಅನ್’ ಎಂದರೆ ಉಣ್ಣುವುದು. ಆದರೆ ಅವರು ಹೊಸ ವರ್ಷದ ಹಬ್ಬವನ್ನು ಆಚರಿಸುವುದನ್ನೂ ಮದುವೆಗೆ ಹೋಗುವುದನ್ನೂ ಈ ‘ಅನ್’ ಎಂಬುದರಿಂದಲೇ ಹೇಳುವರು. ಕದಿಯುವುದಕ್ಕೂ ಅದನ್ನು ಸೇರಿಸಿಯೇ ಮಾತು ಕಟ್ಟಿರುವರು. ಲಂಚವನ್ನೂ ಪೆಟ್ಟನ್ನೂ ‘ತಿನ್ನುವ’ ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ. ಅಲ್ಲಿ ಉಣ್ಣುವ ಮಾತು ಹೊರಗಿನ ಲೋಕಕ್ಕೆ ಹರಿಯಿತು. ಇಲ್ಲಿ ನೆಲದ ಮಾತು ಎಲೆಯ ಮೇಲಣ ಅನ್ನಕ್ಕೆ ಹರಿದುಬಂದಿತು. ದ್ರಾವಿಡ ಭಾಷೆಗಳೊಳಗೂ ಒಂದೊಂದು ಒಂದೊಂದು ದಾರಿ ಹಿಡಿದಿದೆ. ತಮಿಳಿನ ‘ಇಡೈ’ ನಡುವಾಯಿತು, ಹೆಣ್ಣಿನ ಸೊಂಟವಾಯಿತು, ಕವಿಗಳ ಕೈಗೆ ಸಿಕ್ಕಿ ಬಹಳ ಸಣ್ಣದೂ ಆಯಿತು. ತೆಲುಗಿನ ‘ಎಡ’ ಅಂತರವನ್ನು ಹಿಡಿದು ‘ಎಡಬಾಟು’ ಎಂಬಲ್ಲಿ ಅಗಲಿಕೆಯವರೆಗೆ ಸಾಗಿತು. ಒಂದೇ ಬೇರಿನ ಮಾತು ಒಂದು ನಾಡಿನಲ್ಲಿ ಅಗಲಿಕೆಯನ್ನೂ ಇನ್ನೊಂದು ನಾಡಿನಲ್ಲಿ ಅಗಲಿದವರ ಊಟವನ್ನೂ ಹೇಳುವುದು ಸೋಜಿಗವಲ್ಲವೆ?

ಎರಡು ಎಡೆಗಳೂ ಒಂದೇ ನೆಲದಲ್ಲಿ ಕೂಡುವ ದಿನವೊಂದುಂಟು. ಎಳ್ಳ ಅಮಾವಾಸ್ಯೆಯಂದು ಈ ಸೀಮೆಯ ಒಕ್ಕಲುಗಳು ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವುವು. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆಗಳ ಬುತ್ತಿ ಬಿಚ್ಚುವುದಕ್ಕೆ ಮುಂಚೆ ಭೂಮಿಗೆ ಎಡೆ ಹಿಡಿದು, ಆಮೇಲೆ ನಿಂತ ಬೆಳೆಯ ನಡುವೆ ನಡೆದು ಹೊಲದ ತುಂಬ ಚರಗ ಚೆಲ್ಲುವರು. ವಾರಗಳ ಹಿಂದೆ ಯಾವ ತೆರವಿನಲ್ಲಿ ಕುಂಟೆ ಹಾಯ್ದಿತ್ತೋ ಅದೇ ತೆರವಿನಲ್ಲಿ ಅನ್ನವು ಬೀಳುವುದು. ನಿಘಂಟಿನ ಎರಡನೆಯ ಅಂಕೆಯೂ ಆರನೆಯ ಅಂಕೆಯೂ ಆ ದಿನ ಒಂದನ್ನೊಂದು ಮುಟ್ಟುವುವು.

ಇಷ್ಟರಿಂದಲೇ ಈ ಮಾತನ್ನು ಹಾಡಿಹೊಗಳುವುದಕ್ಕೆ ತೊಡಗುವುದು ಅವಿವೇಕ. ಎಡೆಯನ್ನು ಕೊಡುವವನಿದ್ದಲ್ಲಿ ಕೊಡದಿರುವವನೂ ಇದ್ದೇ ಇರುವನು. ‘ಎಡೆಯಿಲ್ಲ’ ಎಂಬುದೂ ಈ ನಾಡಿನ ಹಳೆಯ ಮಾತೇ. ಹೊಲದಲ್ಲಿ ಎಡೆ ಹೊಡೆದ ಆಳಿಗೆ ಯಜಮಾನನ ಪಂಕ್ತಿಯಲ್ಲಿ ಎಡೆ ದೊರೆಯುತ್ತಿರಲಿಲ್ಲ. ಅಸ್ಪೃಶ್ಯನೆಂದು ದೂರವಿರಿಸಲ್ಪಟ್ಟವನು ತನ್ನ ಪಾಲನ್ನು ಅಂಗಳದ ಆಚೆ ಸೆರಗೊಡ್ಡಿ ತೆಗೆದುಕೊಂಡು ಹೋಗಬೇಕಾಗಿದ್ದಿತು. ತೀರಿಹೋದವನಿಗೆ ಜಾಗ ಬಿಡುವ ಮನೆಯು ಬದುಕಿ ದುಡಿಯುವವನಿಗೆ ಬಿಡಲಿಲ್ಲವೆಂಬುದು ಈ ಮಾತಿನ ಚರಿತ್ರೆಯೊಳಗಿನ ಕಪ್ಪು ಭಾಗ. ಸಾಹಿತ್ಯವು ಇದನ್ನು ಮರೆತು ಬರಿಯ ಹೋಳಿಗೆಯ ಕಂಪನ್ನು ವರ್ಣಿಸಿದರೆ ಅರ್ಧಸತ್ಯವನ್ನು ಹೇಳಿದಂತಾಗುವುದು. 12ನೆಯ ಶತಮಾನದ ಶರಣರ ದಾಸೋಹವು ತಾಗಿದುದು ಈ ಮರ್ಮಸ್ಥಾನಕ್ಕೇ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂದು ಪ್ರಸಿದ್ಧರಾದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮಂದಿರ ಕಥೆಯನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ನೆಲದ ಮೇಲೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಗಂಡನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತರಲು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿಯು ಹಿಂದಿರುಗಿಸಿದಳಷ್ಟೆ. ಎಡೆಯ ಅಳತೆಯನ್ನು ಅವಳು ಅರಿತಿದ್ದಂತೆ ಅರಿತವರು ವಿರಳ. ಇನ್ನೊಬ್ಬರ ಜಾಗಕ್ಕೆ ಒತ್ತದ ಹಾಗೆ ತನ್ನ ಜಾಗವನ್ನು ಇಟ್ಟುಕೊಳ್ಳುವುದೂ ಎಡೆ ಕೊಡುವುದೇ ಆಗಿದೆ.

ಇನ್ನು ಈ ಸೀಮೆಗೂ ಈ ಮಾತಿಗೂ ಉಳ್ಳ ಬೇರೊಂದು ನಂಟನ್ನು ನೋಡಬೇಕು. ಈ ಮೂರು ಊರುಗಳು ನೆಲೆಸಿರುವ ನಾಡಿಗೆ ಶಾಸನಗಳಲ್ಲಿ ‘ಎಡೆದೊರೆ’ ಎಂದು ಹೆಸರು. ಬಡಗಲು ಕೃಷ್ಣೆ, ತೆಂಕಲು ತುಂಗಭದ್ರೆ. ಲಿಂಗಸುಗೂರು ತಾಲ್ಲೂಕು ಕೃಷ್ಣೆಯನ್ನು ಮುಟ್ಟುವುದು. ಸಿಂಧನೂರು ತಾಲ್ಲೂಕು ತುಂಗಭದ್ರೆಯನ್ನು ಮುಟ್ಟುವುದು. ಮಸ್ಕಿಯು ಈ ಎರಡರ ನಡುವೆ, ಎಡೆದೊರೆಯೊಳಗಿನ ಎಡೆಯಲ್ಲಿ, ತನ್ನ ಹಳ್ಳದ ದಡದಲ್ಲಿ ಕುಳಿತಿದೆ. ಚಾಲುಕ್ಯರ ಕಾಲದಲ್ಲಿ ಇದು ಎರಡುಸಾಸಿರದ ನಾಡೆನಿಸಿಕೊಂಡಿತ್ತು. ತಂಜಾವೂರಿನ ರಾಜೇಂದ್ರಚೋಳನು ತನ್ನ ತಮಿಳು ಪ್ರಶಸ್ತಿಯಲ್ಲಿ ತಾನು ಗೆದ್ದುಕೊಂಡ ನಾಡುಗಳಲ್ಲಿ ‘ಇಡೈತುಱೈ ನಾಡ’ನ್ನೂ ಎಣಿಸಿರುವನು. ಮೊದಮೊದಲು ಇದು ಕಾವೇರಿಯ ದಡದಲ್ಲಿದ್ದ, ಮೈಸೂರು ಸೀಮೆಯ ಎಡತೊರೆಯೆಂದು ಭಾವಿಸಿದವರಿದ್ದರು. ಅದು ಕೃಷ್ಣಾ ತುಂಗಭದ್ರೆಗಳ ನಡುವಣ ನಾಡು, ಬಹುಪಾಲು ರಾಯಚೂರು ಜಿಲ್ಲೆಯೇ, ಎಂದು ಫ್ಲೀಟರು ನಿರ್ಣಯಿಸಿದ ಮೇಲೆ ಆ ಊಹೆಯು ಹಿಂದೆ ಬಿದ್ದಿತು. ಆ ಚೋಳನು ಚಾಲುಕ್ಯ ಜಯಸಿಂಹನನ್ನು ಎದುರಿಸಿದೆನೆಂದು ಹೇಳಿಕೊಳ್ಳುವ ‘ಮುಶಂಗಿ’ಯನ್ನು ಮಸ್ಕಿಯೆಂದು ಹೇಳುವ ವಿದ್ವಾಂಸರುಂಟು, ಮಸ್ಕಿಯ ಶಾಸನಗಳಲ್ಲಿ ಆ ಊರಿಗೆ ‘ಮೊಸಂಗಿ’ ಎಂಬ ಹೆಸರಿರುವುದು ಅವರಿಗೆ ಬೆಂಬಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರನಿಗೆ ದೊರೆತ ಅಶೋಕನ ಬಂಡೆಯ ಶಾಸನದಿಂದ ಮಸ್ಕಿಯು ಲೋಕಪ್ರಸಿದ್ಧವಾಯಿತು. ಆ ಕೀರ್ತಿಯ ಬೆಳಕಿನಲ್ಲಿ, ಆ ಊರಿನ ಕನ್ನಡ ಶಾಸನಗಳನ್ನು ನೋಡುವವರು ಕಡಮೆಯಾದರೆಂದು ಹೇಳದೆ ವಿಧಿಯಿಲ್ಲ.

‘ಎಡೆದೊರೆ’ಯ ಸಮಾಸವನ್ನು ಬಿಡಿಸುವಲ್ಲಿ ಅನೇಕರು ಎಡವಿರುವರು. ಪುಸ್ತಕಗಳಲ್ಲಿಯೂ ನಾಮಫಲಕಗಳಲ್ಲಿಯೂ ‘ಎಡದೊರೆ’ ಎಂಬ ರೂಪವು ಕಾಣುವುದು. ಅದನ್ನು ಓದಿದವನು ಎಡಗಡೆಯ ತೊರೆಯೆಂದು ತಿಳಿದರೆ ತಪ್ಪು ಅವನದಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆಯು ಸಿಂಧನೂರಿನ ಮನೆಮಾತಾಗಿರುವುದರಿಂದ ಈ ಭ್ರಾಂತಿಗೆ ಇನ್ನಷ್ಟು ಪುಷ್ಟಿ ದೊರೆತಿದೆ. ಆದರೆ ತುಂಗಭದ್ರೆಗೆ ಎಡದಂಡೆಯಾದ ಈ ನೆಲವೇ ಕೃಷ್ಣೆಗೆ ಬಲದಂಡೆ. ನಾರಾಯಣಪುರದಿಂದ ಲಿಂಗಸುಗೂರಿನ ಕಡೆಗೆ ಬರುವ ಕಾಲುವೆಯ ಹೆಸರು ಬಲದಂಡೆಯ ಕಾಲುವೆಯೆಂದೇ. ಎಡವೆಂದರೆ ಒಂದು ನದಿಗೆ ಮಾತ್ರ ಸಲ್ಲುವುದು, ಎಡೆಯೆಂದರೆ ಎರಡಕ್ಕೂ ಸಲ್ಲುವುದು. ಇನ್ನು ವ್ಯಾಕರಣ. ‘ತೊರೆಗಳ ಎಡೆ’ಯಾಗಿದ್ದರೆ ‘ತೊರೆಯೆಡೆ’ ಎಂದಾಗಬೇಕಾಗಿತ್ತಲ್ಲವೆ ಎಂದು ಕೇಳುವವರಿಗೆ ಕನ್ನಡ ವ್ಯಾಕರಣದಲ್ಲಿಯೇ ಉತ್ತರವಿದೆ. ನಾಲಗೆಯ ತುದಿ ‘ತುದಿನಾಲಗೆ’, ಇರುಳಿನ ನಡು ‘ನಡುವಿರುಳು’. ಅಂಶವನ್ನು ಮುಂದಿಟ್ಟು ಅಂಶಿಯನ್ನು ಹಿಂದಿಡುವ ಇದಕ್ಕೆ ಅಂಶಿಸಮಾಸವೆಂದು ಹೆಸರು. ಹಾಗೆಯೇ ತೊರೆಗಳ ಎಡೆಯು ‘ಎಡೆದೊರೆ’. ತಕಾರಕ್ಕೆ ದಕಾರವು ಆದೇಶ. ಇಷ್ಟು ಅಚ್ಚುಕಟ್ಟಾದ ಕನ್ನಡ ನಾಡಹೆಸರುಗಳು ಹೆಚ್ಚಿಲ್ಲ.

ಆದರೂ ಇತಿಹಾಸದ ಪುಸ್ತಕಗಳನ್ನು ತೆರೆದರೆ ಕಾಣುವುದು ‘ರಾಯಚೂರು ದೋಆಬ್’. ಪಾರಸಿಯಲ್ಲಿ ‘ದೋ’ ಎಂದರೆ ಎರಡು, ‘ಆಬ್’ ಎಂದರೆ ನೀರು. ಬಹಮನಿಯವರೂ ವಿಜಯನಗರದವರೂ ಈ ನೆಲಕ್ಕಾಗಿ ತಲೆತಲಾಂತರ ಕಾದಾಡಿದರು. ಕೃಷ್ಣದೇವರಾಯನು 1520ರಲ್ಲಿ ರಾಯಚೂರನ್ನು ಗೆದ್ದುದು ಆ ಕಥೆಯ ಒಂದು ಅಧ್ಯಾಯ. 1853ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಗೆ ಬಂದು 1860ರಲ್ಲಿ ಮರಳಿ ಅವನಿಗೇ ಸೇರಿದಾಗಲೂ ಇದು ಕಾಗದಪತ್ರಗಳಲ್ಲಿ ‘ದೋಆಬ್’ ಆಗಿಯೇ ಇದ್ದಿತು. ಆ ಹೆಸರನ್ನು ಹಗೆಯಂತೆ ಕಾಣಬೇಕಾದುದಿಲ್ಲ. ಅದರಲ್ಲಿಯೂ ಒಂದು ನೋಟವಿದೆ. ಆದರೆ ನೋಟ ಬೇರೆ. ದೋಆಬ್ ಎಂದವನು ನೀರನ್ನು ಎಣಿಸಿದನು. ಎಡೆದೊರೆಯೆಂದವನು ನೀರುಗಳ ನಡುವೆ ನಿಲ್ಲುವುದಕ್ಕೆ ಉಳಿದ ನೆಲವನ್ನು ಕಂಡನು. ನದಿಯನ್ನು ದಾಟಿ ದಂಡು ತರುವವನಿಗೆ ಮೊದಲನೆಯದು ಸಾಕು. ಅಲ್ಲಿಯೇ ಬಿತ್ತಿ ಬೆಳೆಯುವವನಿಗೆ ಎರಡನೆಯದು ಬೇಕು. 1948ರವರೆಗೆ ಹೈದರಾಬಾದಿನ ಆಳಿಕೆಯಲ್ಲಿ ಕಚೇರಿಯ ಭಾಷೆಯೂ ಶಾಲೆಯ ಭಾಷೆಯೂ ಉರ್ದುವಾಗಿದ್ದ ಕಾಲದಲ್ಲಿ ಮೊದಲನೆಯ ಹೆಸರು ಉಳಿದು ಎರಡನೆಯದು ಮರೆತುಹೋದುದು ಆಶ್ಚರ್ಯವಲ್ಲ. 1956ರಲ್ಲಿ ಕನ್ನಡನಾಡು ಒಂದಾದ ಮೇಲೂ ಪಠ್ಯಪುಸ್ತಕಗಳು ‘ದೋಆಬ್’ ಎಂಬುದನ್ನೇ ಮುಂದೊತ್ತುವುದು ಆಶ್ಚರ್ಯ. ನಾಡಿನ ಹೆಸರು ಮರೆತುಹೋದ ಕಾಲದಲ್ಲಿ ಆ ಹೆಸರಿನೊಳಗಿನ ಮಾತನ್ನು ಉಳಿಸಿಕೊಂಡುಬಂದವರು ಎಡೆ ಹಿಡಿದ ಹೆಂಗಸರೂ ಎಡೆ ಹೊಡೆದ ಗಂಡಸರೂ.

ಇಲ್ಲಿ ‘ನಡು’ ಎಂಬ ಮಾತನ್ನು ಹೋಲಿಸಿ ನೋಡುವುದು ಅವಶ್ಯ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಮೇರೆಯನ್ನು ಎರಡು ಹೊಳೆಗಳಿಂದಲೇ, ಕಾವೇರಿ ಗೋದಾವರಿಗಳಿಂದಲೇ, ಗುರುತಿಸಿರುವುದು ಎಲ್ಲರಿಗೂ ವಿದಿತವಾಗಿದೆ. ಅಲ್ಲಿ ಕವಿಯು ಎಡೆಯೆನ್ನದೆ ‘ಇಲ್ಲಿಂದ ಅಲ್ಲಿಯವರೆಗೆ’ ಎಂಬ ಅಳತೆಯನ್ನು ಹಿಡಿದನು. ಮುಂದೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸಿ ಅವುಗಳೊಳಗಣ ನಾಡಿನ ಕನ್ನಡವೇ ಕನ್ನಡದ ತಿರುಳೆಂದು ಹೇಳುವಾಗ ಅವನು ಆರಿಸಿಕೊಂಡುದು ‘ನಡು’ ಎಂಬ ಮಾತನ್ನು. ನಡುವು ಗೌರವದ ಮಾತು. ಸುತ್ತಣವೆಲ್ಲ ಅದನ್ನು ನೋಡುತ್ತಿರುವುದು. ಎಡೆಗೆ ಆ ಗೌರವವಿಲ್ಲ. ಎರಡು ದೊಡ್ಡವುಗಳು ಬಿಟ್ಟುಕೊಟ್ಟುದು ಅದು. ಆದರೆ ಆ ನಾಲ್ಕರಲ್ಲಿ ಒಂದಾದ ಕೊಪಣವು, ಈಗಣ ಕೊಪ್ಪಳವು, ಇದೇ ಎರಡು ನದಿಗಳ ನಡುವೆ, ಸಿಂಧನೂರು ಲಿಂಗಸುಗೂರುಗಳ ನೆರೆಯಲ್ಲಿಯೇ ಇರುವುದು. ಹಿಂದೆ ರಾಯಚೂರು ಜಿಲ್ಲೆಗೇ ಸೇರಿತ್ತು. ಎಂದರೆ, ನುಡಿಯನ್ನು ಅಳೆದವನ ಲೆಕ್ಕದಲ್ಲಿ ‘ನಡು’ವನ್ನು ಮುಟ್ಟಿದ ಈ ನೆಲವು, ನಾಡನ್ನು ಅಳೆದವರ ಲೆಕ್ಕದಲ್ಲಿ ‘ಎಡೆ’ಯಾಯಿತು. ಈಚಿನ ಓದುಗರು ಈ ಸೀಮೆಯ ಕನ್ನಡವನ್ನು ‘ಗಡಿಯ ಕನ್ನಡ’, ‘ಬೆರಕೆಯ ಕನ್ನಡ’ ಎಂದು ಹಗುರವಾಗಿ ನುಡಿಯುವಾಗ, ನಡುವಾಗಿದ್ದುದನ್ನು ಅವರು ಅಂಚಿಗೆ ತಳ್ಳುತ್ತಿರುವರೆಂಬುದು ಅವರಿಗೆ ಹೊಳೆಯುವುದಿಲ್ಲ.

ಗ್ರಂಥಸ್ಥ ಕನ್ನಡದಲ್ಲಿ ಈ ಮಾತಿನ ಸ್ಥಿತಿ ಈಗ ಹೇಗಿದೆ? ಸಂತೋಷಪಡುವಂತಿಲ್ಲ. ಒಂದೊಂದು ಅರ್ಥಕ್ಕೂ ಒಂದೊಂದು ಬದಲಿ ಮಾತನ್ನು ತಂದು ಕೂರಿಸಿಯಾಗಿದೆ: ಜಾಗಕ್ಕೆ ‘ಸ್ಥಳ’, ತೆರವಿಗೆ ‘ಅಂತರ’, ಆಸ್ಪದಕ್ಕೆ ‘ಅವಕಾಶ’, ಊಟಕ್ಕೆ ‘ನೈವೇದ್ಯ’. ಇವುಗಳಲ್ಲಿ ಯಾವುದೂ ಕೆಟ್ಟ ಮಾತಲ್ಲ; ಆದರೆ ನಾಲ್ಕು ಸೇರಿದರೂ ಎಡೆಯಾಗುವುದಿಲ್ಲ. ಪಟ್ಟಣದ ಲೇಖಕರ ಬಾಯಲ್ಲಿ ಈಗ ‘ಸ್ಪೇಸ್’ ಎಂಬ ಇಂಗ್ಲಿಷ್ ಮಾತು ಬಹಳ ಓಡಾಡುತ್ತಿರುವುದು. ‘ಅವರವರಿಗೆ ಅವರವರ ಸ್ಪೇಸ್ ಬೇಕು’ ಎಂದು ಬರೆಯುವವರು, ಅದನ್ನೇ ಸಾವಿರ ವರ್ಷಗಳಿಂದ ಹೇಳುತ್ತಿರುವ ಮಾತೊಂದು ತಮ್ಮ ಅಜ್ಜಿಯ ಅಡುಗೆಯ ಮನೆಯಲ್ಲಿದ್ದಿತೆಂಬುದನ್ನು ನೆನೆಯರು. ಇನ್ನು ವೃತ್ತಪತ್ರಿಕೆಗಳು. ಅವುಗಳಲ್ಲಿ ‘ಎಡೆ’ಯು ಸತ್ತಿಲ್ಲ, ಆದರೆ ಬದುಕಿರುವ ರೀತಿಯೇ ವಿಚಾರಣೀಯ. ‘ಒಂದೆಡೆ, ಮತ್ತೊಂದೆಡೆ’ ಎಂದು ದಿನವೂ ಬರೆಯುವರು. ಜ್ಞಾನಿಗಳು ಇದನ್ನು ‘ತಾಣ’ವೆಂಬ ಹಳೆಯ ಅರ್ಥದಿಂದ ಸಮರ್ಥಿಸಬಹುದು, ಸಮರ್ಥನೆ ಸಲ್ಲುವುದು. ಆದರೂ ಎರಡು ಬದಿಗಳ ನಡುವಣ ತೆರವನ್ನು ಹೇಳುತ್ತಿದ್ದ ಮಾತು ಈಗ ಬದಿಗಳನ್ನೇ ಹೇಳತೊಡಗಿ, ನಡುವನ್ನು ಹೇಳಲು ಏನೂ ಉಳಿಯದಂತಾಗಿದೆ. ಇನ್ನೊಂದು ವಾಡಿಕೆಯಂತೂ ಇದಕ್ಕಿಂತಲೂ ವಿಚಿತ್ರವಾದುದು. ಪತ್ರಿಕೆಗಳಲ್ಲಿ ಯಾವುದಕ್ಕೆ ‘ಎಡೆಮಾಡಿಕೊಡು’ವರು? ಅನುಮಾನಕ್ಕೆ, ಗೊಂದಲಕ್ಕೆ, ವಿವಾದಕ್ಕೆ, ಟೀಕೆಗೆ. ಒಳ್ಳೆಯದಕ್ಕೆಲ್ಲ ‘ಅವಕಾಶ ಕಲ್ಪಿಸು’ವರು, ಕೆಟ್ಟುದಕ್ಕೆ ಮಾತ್ರ ಎಡೆ ಮಾಡುವರು. ದೇವರಿಗೂ ಹಿರಿಯರಿಗೂ ಬಿಟ್ಟ ಜಾಗದಲ್ಲಿ ಅನುಮಾನವನ್ನು ಕೂರಿಸಿ ಬಡಿಸುವುದು ಈ ಕಾಲದ ಗದ್ಯದ ರೀತಿಯಾಗಿದೆ!

ಬರವಣಿಗೆಯಲ್ಲಿ ಹೀಗಾಯಿತೆಂದು ಕಳವಳಿಸುವವರು, ಹೊಲದಲ್ಲಿ ಉಳಿದಿದೆಯಲ್ಲ ಎಂದು ಸಮಾಧಾನಪಡಬಹುದು. ಆ ಸಮಾಧಾನವೂ ಪೂರ್ತಿಯಾಗಿ ಸಲ್ಲದು. ಮಾತು ಬದುಕುವುದು ಕೆಲಸದಿಂದ. ಕೆಲಸ ಬದಲಾದರೆ ಮಾತಿನ ಆಯುಷ್ಯವೂ ಬದಲಾಗುವುದು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದುಬಂದ ಮೇಲೆ ಸಿಂಧನೂರಿನ ಸುತ್ತಣ ಚಹರೆಯೇ ಬೇರೆಯಾಯಿತು. ಜೋಳ ಹತ್ತಿಗಳಂತಹ ಸ್ವಲ್ಪ ನೀರಿನ ಬೆಳೆಗಳನ್ನು ಬರಗಾಲದಿಂದ ಕಾಪಾಡಬೇಕೆಂದು ಯೋಜಿಸಿದ ನೀರು, ಬಲುಬೇಗ ಬತ್ತದ ಗದ್ದೆಗಳಿಗೆ ಹರಿಯತೊಡಗಿತು. ಆಂಧ್ರದ ಕಡೆಯಿಂದ ಬಂದ ರೈತರ ಕ್ಯಾಂಪುಗಳು ಎದ್ದುವು. ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದವರಿಗೂ ಸಿಂಧನೂರು ತಾಲ್ಲೂಕಿನಲ್ಲಿ ಕ್ಯಾಂಪುಗಳಾದುವು. ನೆಲೆ ತಪ್ಪಿದವರಿಗೆ ನೆಲ ದೊರೆಯಿತೆಂಬುದನ್ನು ಈ ಲೇಖನದ ವಿಷಯವಾದ ಮಾತಿನಿಂದಲೇ ಹೇಳಬಹುದು, ಎಡೆದೊರೆಯು ಎಡೆಗೊಟ್ಟಿತು. ಅನ್ನದ ದೃಷ್ಟಿಯಿಂದ ಇದೆಲ್ಲ ಲಾಭವೇ; ಕಾಲುವೆಯ ಕೊನೆಯ ಹಳ್ಳಿಗಳಿಗೆ ನೀರು ಮುಟ್ಟದ ಗೋಳನ್ನು ಬಿಟ್ಟರೆ.

ಆದರೆ ಕೆಸರು ಮಾಡಿ ನಾಟಿ ಹಾಕಿದ ಬತ್ತದ ಗದ್ದೆಯಲ್ಲಿ ಎತ್ತಿನ ಎಡೆಕುಂಟೆ ಹಾಯುವಂತಿಲ್ಲ. ಅಲ್ಲಿ ಬಿರುಕು ಮುಚ್ಚುವ ಕೆಲಸವಿಲ್ಲ, ಹಸಿಯನ್ನು ಉಳಿಸುವ ಚಿಂತೆಯಿಲ್ಲ. ಕಳೆಯನ್ನು ಕೂಲಿಯವರು ಕಿತ್ತಾರು, ಇಲ್ಲವೆ ಔಷಧಿ ಸಿಂಪಡಿಸಿ ಕೊಂದಾರು. ಕಣ್ಣು ಹಾಯುವವರೆಗೆ ಒಂದೇ ಹಸುರು. ಸಾಲೆಲ್ಲಿ, ಎಡೆಯೆಲ್ಲಿ ಎಂದು ತೋರಿಸಲಾಗದು. ಕೂರಿಗೆ, ಕುಂಟೆ, ಕುಕ್ಕೆಗಳ ಹೆಸರುಗಳನ್ನೇ ಕೇಳದೆ ದೊಡ್ಡವರಾಗುವ ಮಕ್ಕಳಿಗೆ ‘ಎಡಿ ಹೊಡಿ’ ಎಂಬುದು ಒಗಟಾಗಿ ಕೇಳಿಸಿದರೆ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ನಿಘಂಟಿನ ಪದ್ಧತಿಯ ಮೇಲೆ ಮೊದಲು ಮಾಡಿದ ಆಕ್ಷೇಪಣೆಯು ಇಲ್ಲಿ ಬರಿಯ ಪಂಡಿತರ ಜಗಳವಾಗಿ ಉಳಿಯುವುದಿಲ್ಲ. ಹೊಲದ ಅರ್ಥವು ಬಾಯಿಂದ ಜಾರಿದ ದಿನ, ಪುಸ್ತಕದಲ್ಲಿ ಎರಡನೆಯ ಅಂಕೆಗೂ ಆರನೆಯ ಅಂಕೆಗೂ ನಡುವಣ ನಂಟನ್ನು ಬರೆದಿಡದೆ ಹೋಗಿದ್ದರೆ, ಅನ್ನಕ್ಕೆ ಆ ಹೆಸರೇಕೆ ಬಂದಿತೆಂದು ಹೇಳುವವರಾರೂ ಸಿಕ್ಕರು. ಹಳ್ಳಿಯ ಮಾತುಗಳನ್ನು ಕೂಡಿಡುವ ಉತ್ಸಾಹಿಗಳು ಪಟ್ಟಿಗಳನ್ನು ಮಾಡುತ್ತಿರುವರು. ಅದು ಒಳ್ಳೆಯ ಕೆಲಸ. ಪಟ್ಟಿಯ ಪಕ್ಕದಲ್ಲಿ, ಆ ಮಾತನ್ನು ಯಾವ ತಿಂಗಳಲ್ಲಿ, ಯಾವ ನೆಲದಲ್ಲಿ, ಕೈಯಲ್ಲಿ ಏನು ಹಿಡಿದು ಆಡುವರೆಂಬುದನ್ನೂ ಬರೆದುಕೊಂಡರೆ ಆ ಪಟ್ಟಿಗೆ ಜೀವ ಬಂದೀತು.

ಮಸ್ಕಿ ಲಿಂಗಸುಗೂರುಗಳ ಮಳೆಯಾಶ್ರಯದ ಹೊಲಗಳಲ್ಲಿ ಸ್ಥಿತಿಯು ಇಷ್ಟು ಕೆಟ್ಟಿಲ್ಲ. ಅಲ್ಲಿ ತೊಗರಿಯ ಸಾಲುಗಳೂ ಹತ್ತಿಯ ಸಾಲುಗಳೂ ಇನ್ನೂ ಅಗಲವಾದ ಎಡೆಯನ್ನು ಬೇಡುವುವು. ಎತ್ತುಗಳು ಕಡಮೆಯಾಗಿರುವುದು ನಿಜ. ಎಡೆಕುಂಟೆಯನ್ನು ಸಣ್ಣ ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಹೋಗುವವರು ಹೆಚ್ಚಿರುವರು. ಯಂತ್ರವು ಪರದೇಶದ್ದು, ಅದರ ಬಿಡಿಭಾಗಗಳ ಹೆಸರುಗಳೂ ಪರದೇಶದವು. ಆದರೆ ಎಲ್ಲಿಗೆ ಹೊರಟೆಯೆಂದು ಕೇಳಿದರೆ ಅದರ ಮೇಲೆ ಕುಳಿತ ಹುಡುಗನು ಹೇಳುವುದು, ‘ಎಡಿ ಹೊಡಿಯಾಕ’ ಎಂದೇ.